ಕತ್ತರಿ ಕೆಳಗಿಟ್ಟ ಹದಿನೆಂಟು ದಿನಗಳು

ಶಿಕ್ಷಣಾಧಿಕಾರಿಗಳ ಪತ್ರದಲ್ಲಿ ಎರಡೇ ವಾಕ್ಯಗಳಿದ್ದವು. ಕೈಗೆಲಸದ ವರ್ಗದಿಂದ ಈ ವರ್ಷ ನಾಲ್ಕು ಜನರಿಗೆ ತೋರಿಸುವಂಥ ಒಂದಾದರೂ ಕೆಲಸ ಆಗಬೇಕು. ಆಗದಿದ್ದರೆ ಬರುವ ವರ್ಷದಿಂದ ಆ ವರ್ಗವನ್ನು ನಿಲ್ಲಿಸಲಾಗುವುದು.

ಜಮಖಂಡಿಯ ಕನ್ಯಾಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಚಿತ್ರಕಲೆಯ ಪರೀಕ್ಷೆ ಪಾಸಾಗಿದ್ದೆನೆಂಬ ಕಾರಣಕ್ಕೆ ಕೈಗೆಲಸದ ವರ್ಗವೂ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಒಂಬತ್ತು ಹುಡುಗಿಯರು. ಅವರು ಶಾಲೆಗೆ ಬರುತ್ತಿದ್ದುದೇ ಆ ವರ್ಗಕ್ಕಾಗಿ. ಒಬ್ಬಳ ತಂದೆ ಶಾಲೆಯ ಮೆಟ್ಟಿಲ ಮೇಲೆ ನಿಂತು ನನಗೆ ನೇರವಾಗಿ ಹೇಳಿದ್ದರು: "ಹೊಲಿಗಿ ಕಲಿಸ್ತೀರಂತ ಕಳಸೇನ್ರಿ ಬಾಯಾರ. ಬರೇ ಇಂಗ್ಲೀಷು ಓದಿ ನಮ್ಮ ಹುಡಿಗಿ ಯಾರ ಜೋಡಿ ಮಾತಾಡಬೇಕ್ರೀ, ಎಮ್ಮಿ ಜೋಡೀನ?" ವರ್ಗ ನಿಂತರೆ ಒಂಬತ್ತು ಜನರೂ ಮನೆ ಸೇರುವುದು ಖಚಿತವಾಗಿತ್ತು. ಅವರಲ್ಲಿ ಮೂವರು ಓದಿನಲ್ಲಿ ನಾನು ಕಂಡ ಅತ್ಯಂತ ಚುರುಕು ಹುಡುಗಿಯರು.

ತೋರಿಸುವಂಥ ಕೆಲಸ ಯಾವುದೆಂದು ಯೋಚಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಮುಂಬಯಿಗೆ ಹೋದಾಗ ಹೊಸ ಚಿತ್ರಕಾರರ ಒಂದು ಪ್ರದರ್ಶನ ನೋಡಿದ್ದೆ. ಅಲ್ಲಿ ಕೊಡ ಹೊತ್ತು ನಡೆಯುವ ಹೆಂಗಸಿನ ಒಂದು ಚಿತ್ರವಿತ್ತು. ನೆರಳಿಲ್ಲ, ದೂರ ಹತ್ತಿರಗಳಿಲ್ಲ. ಕೆಂಪಿನ ಒಂದು ದೊಡ್ಡ ತುಂಡು, ಅದರ ಪಕ್ಕಕ್ಕೆ ಅರಿಸಿನದ ಒಂದು ತುಂಡು, ಮೇಲೆ ಕಪ್ಪು. ಆದರೂ ಆ ಹೆಂಗಸು ನಡೆಯುತ್ತಿದ್ದಳು. ಕಾಲೇಜಿನಲ್ಲಿ ನಾವು ಕಲಿತದ್ದು ಸೇಬುಹಣ್ಣಿಗೆ ನೆರಳು ಕೊಡುವುದನ್ನು. ಆ ಚಿತ್ರದ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೆಂದರೆ ಕಾವಲುಗಾರ ಬಂದು, ಆರೋಗ್ಯ ಸರಿಯಿಲ್ಲವೇ ಎಂದು ಕೇಳಿದ. ಮರುದಿನ ಮತ್ತೆ ಹೋಗಿ ನೋಟುಬುಕ್ಕಿನಲ್ಲಿ ಜಲವರ್ಣದ ಪ್ರತಿಯೊಂದನ್ನು ಮಾಡಿಕೊಂಡು ಬಂದಿದ್ದೆ.

ಅಂಥದ್ದನ್ನು ಬಟ್ಟೆಯಲ್ಲಿ ಮಾಡಬೇಕೆಂದು ನಿಶ್ಚಯಿಸಿದೆ. ಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲು, ಹೊಸ ಬಟ್ಟೆಯ ಮಾತೇ ಇರಲಿಲ್ಲ. ಹುಡುಗಿಯರು ಮನೆಯಿಂದ ಹಳೆಯ ಸೀರೆ, ಕುಬಸದ ಖಣ, ರುಮಾಲಿನ ತುಂಡು ತಂದರು. ನಾನು ಚೌಕಳಿ ಕಾಗದದ ಮೇಲೆ ನಕಾಶೆ ಬರೆದೆ: ನಡುವೆ ದೊಡ್ಡ ಸೂರ್ಯ, ಅದರ ಸುತ್ತ ಊರ ಗುಡ್ಡ, ಹೊಳೆ, ಹೊಲ, ಎಲ್ಲವೂ ವೃತ್ತಗಳು ಮತ್ತು ತ್ರಿಕೋನಗಳು. ಮೂರು ಗಜ ಉದ್ದ, ಎರಡು ಗಜ ಅಗಲ. ಪ್ರತಿ ತುಂಡಿಗೂ ಅಂಕೆ ಕೊಟ್ಟು ನಕಾಶೆಯನ್ನು ಶಿಕ್ಷಣಾಧಿಕಾರಿಗಳಿಗೆ ಕಳಿಸಿದೆ. ಮಂಜೂರಾಗಿ ಬಂತು. ತಪಾಸಣೆಗೆ ನಲವತ್ತು ದಿನ.

ಕಾಗದದ ಅಚ್ಚುಗಳನ್ನು ಬಟ್ಟೆಯ ಮೇಲಿಟ್ಟು ಹುಡುಗಿಯರು ಕತ್ತರಿಸಿದರು. ಎರಡು ಹಳೆಯ ಧೋತರ ಜೋಡಿಸಿ ಕೆಳಗಿನ ಹಾಸು ಮಾಡಿಕೊಂಡೆವು. ಚಿತ್ರ ಬರೆಯುವವಳಿಗೆ ಮೊದಲು ಕಾಣುವುದು ನಡುವಿನ ಆಕೃತಿ. ಹಾಗಾಗಿ ಸೂರ್ಯನಿಂದ ಆರಂಭಿಸಿ ಹೊರಗೆ ಹೊರಗೆ ಹೊಲಿಯುತ್ತ ಹೋದೆವು. ಹನ್ನೆರಡನೆಯ ದಿನ ಗೋಡೆಗೆ ತೂಗುಹಾಕಿ ದೂರ ನಿಂತು ನೋಡಿದೆ. ನಡುವಿನ ಸೂರ್ಯ ಪೂರಿಯಂತೆ ಉಬ್ಬಿತ್ತು. ಸುತ್ತಲಿನ ಗುಡ್ಡಗಳು ಜೋತುಬಿದ್ದಿದ್ದವು. ಅಂಚುಗಳು ನೆರಿಗೆಯಾಗಿ ತಿರುಚಿಕೊಂಡಿದ್ದವು.

ಹೊಲಿಗೆ ಸಡಿಲವಾಗಿರಬೇಕೆಂದುಕೊಂಡು ಬಿಗಿಯಾಗಿ ಮತ್ತೊಂದು ಸಾಲು ಹಾಕಿಸಿದೆ. ಉಬ್ಬು ಜಾಗ ಬದಲಿಸಿತು, ಹೋಗಲಿಲ್ಲ. ನೀರು ಚಿಮುಕಿಸಿ, ಡೆಸ್ಕುಗಳನ್ನು ಹೇರಿ ಎರಡು ದಿನ ಇಟ್ಟೆವು. ಆಮೇಲೆ ಅಕ್ಕಿಗಂಜಿ ಸವರಿ ಒಣಗಿಸಿದೆವು. ಒಂದು ಕೆಂಪು ಸೀರೆಯ ಬಣ್ಣ ಬಿಟ್ಟು ಹೊಳೆಯೆಲ್ಲ ನಸುಗೆಂಪಾಯಿತು. ಶಾಲೆಯ ಮುಖ್ಯೋಪಾಧ್ಯಾಯಿನಿ, ನಾವು ಮುಖ್ಯ ಬಾಯಿಯವರು ಎನ್ನುತ್ತಿದ್ದವರು, ಬಂದು ನೋಡಿ, "ಹೊಳಿಯೊಳಗ ಯಾರದರೆ ಖೂನಿ ಆಗೇತೇನು?" ಎಂದರು. ಹುಡುಗಿಯರು ನಕ್ಕರು. ನನಗೆ ನಗು ಬರಲಿಲ್ಲ. ದಾರವೂ ಮುಗಿದಿತ್ತು.

ದಾರಕ್ಕಾಗಿ ರವಿವಾರ ರಬಕವಿಗೆ ಹೋದೆ. ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು. ಏರು ಬಂದಾಗ ಗಂಡಸರೆಲ್ಲ ಇಳಿದು ನೂಕಬೇಕಾಗಿತ್ತು. ನೇಕಾರರು ಸೀರೆ ಇಳಿಸಿದ ಮೇಲೆ ಮಗ್ಗದಲ್ಲಿ ಉಳಿಯುವ ತುದಿನೂಲನ್ನು ಕೇಳಿದರೆ ಕೊಡುತ್ತಾರೆಂದು ಒಬ್ಬ ಹುಡುಗಿ ಹೇಳಿದ್ದಳು. ಅವಳು ಹೇಳಿದ ಮನೆಯಲ್ಲಿ ನಡುವಯಸ್ಸಿನ ನೇಕಾರರೊಬ್ಬರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ನೂಲಿನ ಮಾತು ಎತ್ತುವ ಮೊದಲೇ ನನ್ನ ಕಣ್ಣು ಅವರು ಕೂತ ಜಾಗಕ್ಕೆ ಹೋಯಿತು. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಒಂದು ಕೌದಿ, ನಾಲ್ಕು ಮಡಿಕೆ ಮಾಡಿದ್ದು. ಅದರ ಒಂದು ಮೂಲೆ ಮಾತ್ರ ಕಾಣುತ್ತಿತ್ತು.

"ಸ್ವಲ್ಪ ಎದ್ದೇಳ್ತೀರಾ?" ಎಂದೆ.

ಅವರು ಕೈಯಲ್ಲಿ ಲಾಳಿ ಹಿಡಿದೇ ಗಾಬರಿಯಾದರು. "ಯಾಕ್ರೀ ಬಾಯಾರ, ಹಾವು ಗೀವು ಕಂಡಿತೇನ?"

"ಅಲ್ಲ. ಆ ಕೌದಿ ನೋಡಬೇಕಾಗಿತ್ತು."

"ಕೌದೀನ?" ಅವರು ಒಳಗೆ ಕೂಗಿದರು. "ಏ ಇಕಿನ, ಬಾ ಇಲ್ಲೆ! ಜಮಖಂಡಿಯಿಂದ ಬಾಯಾರ ಬಂದಾರ, ನಾ ಕುಂತ ಕೌದಿ ನೋಡಾಕ!"

ಅವರ ಹೆಂಡತಿ ನಗುತ್ತ ಬಂದು ಕೌದಿಯನ್ನು ಕೊಡವಿ ಅಂಗಳದಲ್ಲಿ ಹರವಿದರು. ಮಾಸಿದ ಕೆಂಪು ಒಂದು ಕಡೆ ಹೊಲದಂತೆ ಹರಡಿತ್ತು. ಅದಕ್ಕೆ ತಾಗಿ ಕಪ್ಪು. ಅಷ್ಟು ದೊಡ್ಡ ಕಪ್ಪಿನ ತುದಿಯಲ್ಲಿ ಅಂಗೈಯಷ್ಟೇ ಹಸಿರು ಖಣದ ತುಂಡು. ಆ ಹಸಿರನ್ನು ಬೆರಳಿನಿಂದ ಮುಚ್ಚಿ ನೋಡಿದೆ. ಇಡೀ ಕೌದಿ ಒಂದು ಕಡೆಗೆ ವಾಲಿದಂತಾಯಿತು. ಬೆರಳು ತೆಗೆದೆ. ನೆಟ್ಟಗಾಯಿತು. ಮೂರು ಸಲ ಹಾಗೆ ಮಾಡಿದೆ. ಮುಂಬಯಿಯ ಗೋಡೆಯ ಮೇಲೆ ಕಂಡು ನಾನು ಬೆರಗಾದದ್ದು ಇಲ್ಲಿ ನೆಲದ ಮೇಲಿತ್ತು. ಇಷ್ಟು ವರ್ಷ ಮನುಷ್ಯರ ಭಾರ ಹೊತ್ತೂ ಅದರಲ್ಲಿ ಒಂದು ಉಬ್ಬಿರಲಿಲ್ಲ, ಒಂದು ಸುಕ್ಕಿರಲಿಲ್ಲ.

"ಯಾರು ಹೊಲಿದದ್ದು?"

"ಚಿಮ್ಮಡದ ಮುದುಕೀರಿ. ಕುರಿಯವರ ಮನಿಯಾಕಿ. ಸುಗ್ಗಿ ಮುಗದ ಮ್ಯಾಲ ಮನಿಮನಿಗೆ ಬಂದು ಹೊಲದು ಕೊಡತಾಳ. ನಮ್ಮ ಮದುವಿ ವರ್ಷ ಹೊಲದದ್ದಿದು."

ಅವರು ಕೊಟ್ಟ ತುದಿನೂಲು ತೆಗೆದುಕೊಂಡು ಊರಿಗೆ ಮರಳಿದೆ. ಮುಂದಿನ ರವಿವಾರದವರೆಗೆ ಕಾಯುವಂತಿರಲಿಲ್ಲ. ಮುಖ್ಯ ಬಾಯಿಯವರಿಂದ ಒಂದು ದಿನದ ರಜೆ ಕೇಳಿ, ಉಬ್ಬಿದ ನಮ್ಮ ಚಿತ್ರವನ್ನು ಸುರುಳಿ ಸುತ್ತಿಕೊಂಡು ಬನಹಟ್ಟಿಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ಚಿಮ್ಮಡಕ್ಕೆ ಚಕ್ಕಡಿಯಲ್ಲಿ ಹೋದೆ. ಕುರಿಹಟ್ಟಿಯ ಬದಿಯಲ್ಲಿ ಆ ಅಜ್ಜಿ ಕಂಬಳಿಯ ಹರಕು ಸರಿಪಡಿಸುತ್ತ ಕೂತಿದ್ದರು. ನಾನು ಬಂದ ಕಾರಣ ಹೇಳಿ ಸುರುಳಿ ಬಿಚ್ಚಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ನಡುವಿನ ಸೂರ್ಯನ ಮೇಲೆ ಕೈಯಿಟ್ಟು ಉಬ್ಬಿದ ಬಟ್ಟೆಯನ್ನು ಮೆಲ್ಲಗೆ ಒತ್ತಿದರು.

"ಅಯ್ಯ ಯವ್ವಾ, ಅರಿವಿಗೆ ಬಾವು ಬಂದೈತಲ್ಲ! ಬೇವಿನ ತಪ್ಪಲಾ ಕಟ್ಟಿದ್ರೇನು?"

"ಗಂಜಿ ಹಾಕಿದ್ದೆವು," ಎಂದೆ.

"ಗಂಜಿ! ಜಡ್ಡಾದವರಿಗೆ ಗಂಜಿ ಕುಡಸೂದು ಖರೇನ ಬಿಡ್ರಿ." ಅವರು ಬಾಯಿಗೆ ಸೆರಗು ಹಿಡಿದು ಬಹಳ ಹೊತ್ತು ನಕ್ಕರು. ನನಗೆ ಅವಮಾನವಾಗಬೇಕಾಗಿತ್ತು, ಆಗಲಿಲ್ಲ. ಒಬ್ಬರಾದರೂ ರೋಗವನ್ನು ಗುರುತಿಸಿದ್ದರು.

ಅವರು ಒಂದು ಹಳೆಯ ಸೀರೆಯ ಚೂರು ಕೊಟ್ಟು ಉದ್ದಕ್ಕೆ ಎಳೆಯಲು ಹೇಳಿದರು. ಎಳೆದೆ. ಅಡ್ಡ ಎಳೆಯಲು ಹೇಳಿದರು. ಎಳೆದೆ. ಎರಡೂ ಕಡೆ ಅದು ಜಗ್ಗಲಿಲ್ಲ. "ಈಗ ಮೂಲಿ ಹಿಡದು ಎಳೀರಿ." ಮೂಲೆಯಿಂದ ಮೂಲೆಗೆ ಎಳೆದಾಗ ಬಟ್ಟೆ ನನ್ನ ಕೈಯಲ್ಲಿ ರಬ್ಬರಿನಂತೆ ಉದ್ದವಾಯಿತು.

"ನೋಡಿದ್ರಿಲ್ಲ? ನೀವು ದುಂಡಗ ಕತ್ತರಸೀರಿ, ಓರಿ ಕತ್ತರಸೀರಿ. ಕತ್ತರಿಗೆ ಕಣ್ಣಿಲ್ಲರಿ. ಎತ್ತಾಗ ನೂಕಿದ್ರ ಅತ್ತಾಗ ಹೋಗತೈತಿ. ನಾವು ಕತ್ತರಸಂಗಿಲ್ಲ, ಹರೀತೇವಿ." ಅವರು ಅಂಚಿಗೆ ಹಲ್ಲಿನಿಂದ ಒಂದು ಕಚ್ಚು ಕೊಟ್ಟು ಸರ್ರನೆ ಹರಿದರು. ಹರಿದ ಗೆರೆ ಒಂದೇ ಎಳೆಯ ಗುಂಟ ನೆಟ್ಟಗೆ ಹೋಗಿತ್ತು. "ಹರದ್ರ ಅರಿವಿ ತಂದ ದಾರಿ ತಾನ ಹಿಡೀತೈತಿ. ಆ ದಾರೀಲೇ ಹಚ್ಚಿದ್ರ ನೂರು ವರ್ಷ ಆದ್ರೂ ಬಾವು ಬರಂಗಿಲ್ಲ."

ನಡುವಿನಿಂದ ಆರಂಭಿಸಿದೆವೆಂದು ಹೇಳಿದಾಗ ಅವರು ಹಣೆ ಬಡಿದುಕೊಂಡರು. "ಬದು ಹಾಕಿ ಬಿತ್ತತಾರೋ, ಬಿತ್ತಿ ಬದು ಹಾಕ್ತಾರೋ? ಮೊದಲ ನಾಕೂ ಅಂಚು ಹಿಡೀಬೇಕ್ರಿ. ಹೊರಗಿಂದ ಒಳಗ ಬರಬೇಕು. ಒಳಗಿಂದ ಹೊರಗ ಹೋದ್ರ ಇರೂದನ್ನೆಲ್ಲಾ ನೂಕಿಕೋತ ಹೋಗತೈತಿ."

ಬಂದು ಕಲಿಸುತ್ತೀರಾ ಎಂದು ಕೇಳಿದೆ. ಜಮಖಂಡಿಯಲ್ಲಿ ಅವರ ತಂಗಿಯ ಮನೆಯಿತ್ತು. ಸ್ವಲ್ಪ ಯೋಚಿಸಿ ಹೇಳಿದರು: "ಬರ್ತೇನಿ. ಬೀರಪ್ಪನ ಪೂಜಿ ದಿವಸ ಮಾತ್ರ ಇಲ್ಲೇ ಇರಬೇಕು. ಮತ್ತ, ಆ ಕಾಗದಾ ನನ್ನ ಮುಂದ ತರಬ್ಯಾಡ್ರಿ. ಬರದಿಟ್ಟಂಗ ಕೌದಿ ಹೊಲಿಯಾಕ ನನಗ ಬರಂಗಿಲ್ಲ."

ಹಿಂದಿರುಗುವ ಬಸ್ಸಿನಲ್ಲಿ ಆ ಕಾಗದದ್ದೇ ಯೋಚನೆ. ಅದು ಬರೀ ಕಾಗದವಲ್ಲ, ಮಂಜೂರಾದ ನಕಾಶೆ. ಹದಿನೆಂಟು ದಿನ ಉಳಿದಿದ್ದವು. ನಕಾಶೆಯನ್ನು ಹಿಡಿದರೆ ಉಬ್ಬಿದ ಸೂರ್ಯನನ್ನಾದರೂ ತೋರಿಸಿ, ಹೇಳಿದ್ದನ್ನೇ ಮಾಡಿದ್ದೇವೆ ಎನ್ನಬಹುದಾಗಿತ್ತು. ಬಿಟ್ಟರೆ ನಮ್ಮ ಕೈಯಲ್ಲಿ ಸಮರ್ಥನೆಯೇ ಇರುವುದಿಲ್ಲ. ಊರಿಗೆ ಬಂದು ವಿಷಯ ತಿಳಿಸಿದಾಗ ಮುಖ್ಯ ಬಾಯಿಯವರು ಸ್ಪಷ್ಟವಾಗಿ ಹೇಳಿದರು: "ನಾ ಬ್ಯಾಡ ಅನ್ನಂಗಿಲ್ಲ. ಆದರ ಕೆಟ್ಟರ ಒಂಬತ್ತು ಮನಿಗೆ ಹೋಗಿ ಹೇಳಾಕಿ ನೀವ." ನಾನು ಒಪ್ಪಿಕೊಂಡೆ. ಮರುದಿನ ಹುಡುಗಿಯರ ಮುಂದೆ ಸುರುಳಿ ಹರವಿ, ಎಲ್ಲ ಹೊಲಿಗೆ ಬಿಚ್ಚಿರೆಂದು ಹೇಳಿದೆ. ಅವರು ನಾನು ಸಿಟ್ಟಾಗಿದ್ದೇನೆಂದು ತಿಳಿದರು. ಬಿಚ್ಚಿದ ದಾರವನ್ನು ಕಡ್ಡಿಗೆ ಸುತ್ತಿ ಉಳಿಸಿಕೊಂಡೆವು. ಎರಡು ದಿನ ಹೋಯಿತು.

ಅಜ್ಜಿ ಬಂದವರು ಮೊದಲು ಕತ್ತರಿಗಳನ್ನೆಲ್ಲ ಕಪಾಟಿನಲ್ಲಿ ಇಡಿಸಿದರು. ನಾವು ಕತ್ತರಿಸಿಟ್ಟ ವೃತ್ತ ತ್ರಿಕೋನಗಳು ಹಾಳಾಗಲಿಲ್ಲ. ಅವನ್ನು ಹಾಸಿನ ಮೇಲೆ ಒಳಪದರವಾಗಿ ಹರವಿಸಿದರು. ಆಮೇಲೆ ಉಳಿದ ಬಟ್ಟೆಗಳ ರಾಶಿಯ ಮುಂದೆ ಕೂತು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಸ್ವಲ್ಪ ಎಳೆದು ನೋಡಿದರು. ಚಿಟಚಿಟ ಸದ್ದು ಮಾಡಿದ್ದು ಜೀರ್ಣವಾದದ್ದು, ಅದು ನಡುವಿಗೆ. ಸದ್ದಿಲ್ಲದ್ದು ಗಟ್ಟಿ, ಅದು ಅಂಚಿಗೆ, ಕೈಹಿಡಿದು ಎಳೆಯುವ ಕಡೆಗೆ. ಸುತ್ತಲೂ ಮೊದಲನೆಯ ಸಾಲನ್ನು ತಾವೇ ಹಾಕಿದರು. ಆಮೇಲೆ ಹುಡುಗಿಯರನ್ನು ನಾಲ್ಕೂ ಬದಿಗೆ ಕೂರಿಸಿದರು. ತುಂಡಿನ ಅಂಚನ್ನು ಒಳಗೆ ಮಡಚಿ ಹಿಂದಿನ ತುಂಡಿನ ಮೇಲೆ ಹೊರಿಸುವುದು, ಎಲ್ಲ ಪದರ ಸೇರಿಸಿ ಅಕ್ಕಿಕಾಳಿನಷ್ಟು ಹೊಲಿಗೆ ಹಾಕುವುದು, ಒಂದು ಸಾಲು ಮುಗಿದರೆ ಅರ್ಧ ಬೆರಳು ಒಳಗೆ ಸರಿಯುವುದು.

"ಇದೇನ ಲೇ, ಅಕ್ಕಿಕಾಳು ಅಂದ್ರ ಶೇಂಗಾಕಾಯಿ ಹಾಕೀಯಲ್ಲ!" ಎಂದು ಒಬ್ಬಳನ್ನು ಗದರಿಸಿದರು. ಅವಳು ಅಳುವ ಮೊದಲೇ, "ಇರಲಿ ಬಿಡು, ಶೇಂಗಾ ಹೊಟ್ಟಿ ತುಂಬತೈತಿ," ಎಂದು ನಗಿಸಿದರು.

ನನಗೆ ಅವರ ಬಣ್ಣದ ಲೆಕ್ಕ ತಿಳಿಯಬೇಕಾಗಿತ್ತು. ಒಂದು ತುಂಡನ್ನು ಇಡುವ ಮೊದಲು ಅವರು ಮೂರು ನಾಲ್ಕನ್ನು ಪಕ್ಕದಲ್ಲಿಟ್ಟು ತೆಗೆಯುತ್ತಿದ್ದರು. ಹೇಗೆ ಆರಿಸುತ್ತೀರೆಂದು ಕೇಳಿದೆ.

"ಯಾವುದು ಸುಮ್ಮನಿರತೈತಿ, ಯಾವುದು ಜಗಳಾ ತಗೀತೈತಿ ನೋಡ್ರಿ. ಬಾಳ ಜಗಳಾ ಇರಬಾರದು. ಎಲ್ಲಾರೂ ಸುಮ್ಮನಿರಲೂಬಾರದು. ಸೊಸಿಲ್ಲದ ಮನಿಯಂಗ ಆಕ್ಕೈತಿ."

ಒಂದು ಮಧ್ಯಾಹ್ನ ಹುಡುಗಿಯರು ಊಟಕ್ಕೆ ಹೋದಾಗ ನಾನು ಯಾರಿಗೂ ತೋರಿಸಿರದ ನೋಟುಬುಕ್ಕನ್ನು ಅವರ ಮುಂದೆ ತೆರೆದೆ. ಮುಂಬಯಿಯ ಕೊಡದ ಹೆಂಗಸು. ಅವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಯಿಂದ ಒಂದೊಂದೇ ಬಣ್ಣವನ್ನು ಮುಚ್ಚಿ ತೆರೆದು ನೋಡಿದರು. "ಇದನ್ನ ಮಾಡಿದಾವಂಗ ಅರಿವಿ ಗೊತ್ತೈತಿ," ಎಂದರು. ಆಮೇಲೆ ನೆಲದಿಂದ ಒಂದು ಕಪ್ಪು ಚೂರು ಹೆಕ್ಕಿ ಚಿತ್ರದ ಎಡಗಡೆ, ಕೆಳಗೆ ಇಟ್ಟರು. "ಖರೆ ಇಲ್ಲೆ ಒಂದು ಕರೇದು ಬೇಕಾಗಿತ್ತು ನೋಡ್ರಿ. ಅದಿಲ್ಲಂದ್ರ ಆಕಿ ಬೀಳತಾಳ."

ಮೂಲ ಚಿತ್ರದಲ್ಲಿ ಎಡಗಡೆ ಕೆಳಗೆ ಒಂದು ಸಣ್ಣ ಕಪ್ಪು ಚೌಕವಿತ್ತು. ಅದು ಏನೆಂದು ತಿಳಿಯದೆ, ಅನಗತ್ಯವೆಂದು ನಾನು ಪ್ರತಿಯಲ್ಲಿ ಬಿಟ್ಟಿದ್ದೆ. ಅವರು ಚೂರು ಇಟ್ಟದ್ದು ಕೂದಲೆಳೆಯಷ್ಟೂ ತಪ್ಪದೆ ಅದೇ ಜಾಗದಲ್ಲಿ ಎಂದು ಹೇಳಲಾರೆ. ಆದರೆ ಇಟ್ಟ ಮೇಲೆ ಹೆಂಗಸು ನಡೆಯತೊಡಗಿದಳು. ಮುಂಬಯಿಯಲ್ಲಿ ಎರಡು ದಿನ ನಿಂತು ನೋಡಿಯೂ ನಾನು ನೋಡಿರಲಿಲ್ಲ. ನೋಡದೆಯೇ ಈ ಅಜ್ಜಿಗೆ ಗೊತ್ತಿತ್ತು. ಅದನ್ನು ಅವರಿಗೆ ಹೇಳಿದೆ. "ಹಂಗಾದ್ರ ನೀವು ತಪ್ಪಿಸೀರಿ, ಅಂವ ತಪ್ಪಿಸಿಲ್ಲ," ಎಂದಷ್ಟೇ ಹೇಳಿ ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟರು.

ಅಂದಿನಿಂದ ನಾನೂ ಒಂದು ಬದಿಗೆ ಹುಡುಗಿಯರ ನಡುವೆ ಕೂತೆ. ಹೊಲಿಗೆಯ ವರ್ಗಕ್ಕೆ ಒಂದು ವರ್ಷ ಬಾಯಿಯಾಗಿದ್ದರೂ ನನ್ನ ಕೈ ಹೊಲಿಗೆಯ ಕೈಯಲ್ಲ. ಬೆರಳಿಗೆ ಎರಡು ಸಲ ಸೂಜಿ ಚುಚ್ಚಿತು. ಯಾರೂ ನೋಡಲಿಲ್ಲವೆಂದುಕೊಂಡೆ.

ಉಳಿದಿದ್ದ ಹದಿನೆಂಟರಲ್ಲಿ ಹದಿನೇಳನೆಯ ದಿನ ನಡುವೆ ಅಂಗೈಯಗಲದ ಬಾಯಿ ಮಾತ್ರ ಉಳಿಯಿತು. ಅಜ್ಜಿ ತಮ್ಮ ಬುತ್ತಿಯಿಂದ ರೊಟ್ಟಿಯ ಒಂದು ಚೂರು ಮುರಿದು ಅದರೊಳಗೆ ಇಡಹೋದರು. ಮುಖ್ಯ ಬಾಯಿಯವರು ತಡೆದರು: "ಏ, ರೊಟ್ಟಿ ಬ್ಯಾಡ! ಇಲಿ ಬಂದು ಸರಕಾರದ ಸಾಮಾನು ತಿಂದು ಹೋಗ್ತಾವ."

"ಕೌದಿ ಹೊಟ್ಟಿ ಖಾಲಿ ಮುಚ್ಚಬಾರದ್ರೀ. ಹಸದ ಕೌದಿ ಹೊಚಗೊಂಡವರನ್ನೂ ಹಸದ ಇಡತೈತಿ."

"ಇದನ್ನ ಯಾರೂ ಹೊಚಗೊಳ್ಳಂಗಿಲ್ಲ. ಗ್ವಾಡಿಗೆ ಹಾಕೂದು."

"ಹಂಗಾದ್ರ ನಿಮ್ಮ ಗ್ವಾಡಿ ಉಪವಾಸ ಇರಲೇನು?"

ಕೊನೆಗೆ ಐದು ಜೋಳದ ಕಾಳಿಗೆ ರಾಜಿಯಾಯಿತು. ಹುಡುಗಿಯರು ಕಾಳು ಹಾಕಿದರು. ಅಜ್ಜಿ ಮೇಲೆ ಒಂದು ತುಂಡು ಹೊಲಿದು ಗಂಟು ಹಾಕಿದರು. ಮರುದಿನ ಬೀರಪ್ಪನ ಪೂಜೆ. ಅಂದೇ ಸಂಜೆ ಅವರು ಚಿಮ್ಮಡಕ್ಕೆ ಹೋದರು.

ತಪಾಸಣೆಯ ದಿನ ಶಿಕ್ಷಣಾಧಿಕಾರಿಗಳು ನಕಾಶೆಯನ್ನು ಕೈಯಲ್ಲೇ ಹಿಡಿದು ಬಂದರು. ಗೋಡೆಯ ಮೇಲಿನ ಕೌದಿಯನ್ನು ನೋಡಿದರು, ಕಾಗದವನ್ನು ನೋಡಿದರು.

"ಸೂರ್ಯ ಎಲ್ಲಿದ್ದಾನೆ?"

"ಇಲ್ಲ," ಎಂದೆ. "ನಕಾಶೆ ತಪ್ಪಾಗಿತ್ತು. ನಾನೇ ಬಿಟ್ಟುಬಿಟ್ಟೆ. ಇದು ಚಿಮ್ಮಡದ ಒಬ್ಬ ಅಜ್ಜಿಯವರು ಕಲಿಸಿದ್ದು."

"ಹಾಗಾದರೆ ಹೊಲಿದದ್ದೂ ಅವರೇ ಇರಬೇಕು. ಹುಡುಗಿಯರು ದಾರ ಪೋಣಿಸಿ ಕೊಟ್ಟಿರಬೇಕು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ; ಸಂಶಯವಿತ್ತು. "ತಿರುಗಿಸಿ. ಹಿಂದಿನ ಬಾಜು ನೋಡಬೇಕು."

ಹೊಲಿಗೆಯನ್ನು ಹಿಂಬದಿಯಿಂದ ತಪಾಸಣೆ ಮಾಡುವುದು ವಾಡಿಕೆ. ನಮಗೆ ಅದು ನೆನಪಿರಲಿಲ್ಲ. ನಾಲ್ವರು ಹುಡುಗಿಯರು ಕೌದಿಯನ್ನು ಇಳಿಸಿ ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದರು. ಹಿಂದೆ ಬಣ್ಣವಿಲ್ಲ, ಬರೀ ಬಿಳಿ ಧೋತರ. ಅದರ ಮೇಲೆ ಅಂಚಿನಿಂದ ನಡುವಿಗೆ ಸುತ್ತಿ ಸುತ್ತಿ ಬರುವ ಸಾವಿರಾರು ಸಣ್ಣ ಹೊಲಿಗೆಗಳು, ಹರಗಿದ ಹೊಲವನ್ನು ಗುಡ್ಡದ ಮೇಲಿಂದ ನೋಡಿದಂತೆ. ನಾನು ಇಷ್ಟು ದಿನ ಮುಂದಿನ ಬಣ್ಣವನ್ನಷ್ಟೇ ನೋಡಿದ್ದೆ. ಮುಂಬಯಿಯ ಯಾವ ಗೋಡೆಯ ಮೇಲೂ ನಾನು ಇಂಥದ್ದನ್ನು ಕಂಡಿರಲಿಲ್ಲ. ಅಧಿಕಾರಿಗಳೂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದರಲ್ಲಿ ನಿನ್ನ ಸಾಲು ಯಾವುದು?" ಎಂದು ಎದುರಿಗಿದ್ದ ಹುಡುಗಿಯನ್ನು ಕೇಳಿದರು.

ಅವಳು ಕ್ಷಣವೂ ತಡೆಯದೆ ಬೆರಳಿಟ್ಟಳು. "ಇಲ್ಲಿಂದ ಇಲ್ಲೀಮಟ ನಂದ್ರಿ ಸಾಹೇಬರ. ಶೇಂಗಾಕಾಯಿಯಂಗ ಐತಲ್ರಿ, ಅದು."

ಇನ್ನೊಬ್ಬಳು ತನ್ನದನ್ನು ತೋರಿಸಿದಳು. ಮತ್ತೊಬ್ಬಳು. ಒಂಬತ್ತು ಜನರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಬಂದು ಬೆರಳಿಟ್ಟರು. ಅಧಿಕಾರಿಗಳು ಮೂವರನ್ನು ಬೇರೆ ಜಾಗ ತೋರಿಸಿ ಪರೀಕ್ಷಿಸಿದರು. "ಅದು ನಂದಲ್ರಿ, ಆಕೀದು," ಎಂದು ಹುಡುಗಿಯರು ಸರಿಯಾದ ಹೆಸರೇ ಹೇಳಿದರು. ಸುತ್ತಲಿನ ಮೊದಲ ಸಾಲು ಅಜ್ಜಿಯದೆಂದು ಒಟ್ಟಿಗೇ ಹೇಳಿದರು.

ಅಧಿಕಾರಿಗಳ ಬೆರಳು ಕೆಳಗಿನ ಒಂದು ಮೂಲೆಯಲ್ಲಿ ನಿಂತಿತು. ಅಲ್ಲಿ ಐದಾರು ಗೇಣಿನಷ್ಟು ಸಾಲುಗಳು ಏರಿ ಇಳಿದಿದ್ದವು. ಒಂದು ಕಡೆ ಚುಕ್ಕಿಯಷ್ಟು ರಕ್ತದ ಕಲೆಯೂ ಇತ್ತು.

"ಇದು ಯಾರದು?"

ಹುಡುಗಿಯರು ನೆಲ ನೋಡಿದರು. ಅವರಿಗೆಲ್ಲ ಗೊತ್ತಿತ್ತು, ನನ್ನ ಮಾನ ಕಾಯುತ್ತಿದ್ದರು. ಒಂದು ಸಾಲಿಗೆ ವಾರಸುದಾರರಿಲ್ಲವೆಂದರೆ ಉಳಿದದ್ದೆಲ್ಲ ಬಾಯಿಪಾಠ ಮಾಡಿಸಿದ್ದೆಂದು ಅಧಿಕಾರಿಗಳು ತಿಳಿಯಬಹುದಾಗಿತ್ತು. ನಾನು ಮುಂದೆ ಹೋಗಿ ಆ ಮೂಲೆಯ ಮೇಲೆ ಬೆರಳಿಟ್ಟೆ.

"ಇದು ನನ್ನದು."

ಹುಡುಗಿಯರು ನಗು ತಡೆಯಲಾರದೆ ಕೌದಿಯ ಹಿಂದೆ ಮುಖ ಮುಚ್ಚಿಕೊಂಡರು. ಹಿಡಿದವರ ನಗುವಿಗೆ ಇಡೀ ಕೌದಿ ಅಲುಗಾಡಿತು. ಅಧಿಕಾರಿಗಳು ನಗಲಿಲ್ಲ. ಮೇಜಿನ ಹತ್ತಿರ ಹೋಗಿ ತಪಾಸಣೆಯ ಪುಸ್ತಕ ತೆರೆದು ನಿಧಾನವಾಗಿ ತಮ್ಮ ಅಭಿಪ್ರಾಯದ ಶೆರಾ ಬರೆದು, ಟೊಪ್ಪಿಗೆ ಸರಿಮಾಡಿಕೊಂಡು ಹೊರಟುಹೋದರು.

ಮುಖ್ಯ ಬಾಯಿಯವರು ಅದನ್ನು ಗಟ್ಟಿಯಾಗಿ ಓದಿದರು. "ಕೈಗೆಲಸದ ವರ್ಗವನ್ನು ಮುಂದುವರಿಸಬೇಕು. ಹುಡುಗಿಯರ ಹೊಲಿಗೆ ಉತ್ತಮ. ಬಾಯಿಯವರ ಹೊಲಿಗೆ ಸುಧಾರಿಸಬೇಕು."

ಒಂಬತ್ತು ಜನರೂ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿರೆಂದು ಕೇಳಿದರು. ನಾನೇ ಪುಸ್ತಕ ತೆಗೆದುಕೊಂಡು ಓದಿದೆ.